ಬೋಣಿಗೆ ಆದ ಮೇಲೆ

ಶಿಗ್ಗಾವಿಯ ಪೇಟೆಯಲ್ಲಿ ಶಂಕ್ರಪ್ಪನ ಜವಳಿ ಅಂಗಡಿಗೆ ಎರಡು ಬಾಗಿಲು. ಮುಂದಿನದು ರಸ್ತೆಗೆ, ಹಿಂದಿನದು ಸಂದಿಗೆ. ಸುಧಾರಾಣಿ ನಾಲ್ಕು ವರ್ಷ ಹಿಂದಿನ ಬಾಗಿಲಿನಿಂದಲೇ ಒಳಗೆ ಹೋದಳು, ಹಿಂದಿನ ಬಾಗಿಲಿನಿಂದಲೇ ಹೊರಗೆ ಬಂದಳು. ದುಂಡಸಿಯಿಂದ ಬೆಳಗಿನ ಬಸ್ಸು ಹಿಡಿದು ಒಂಬತ್ತಕ್ಕೆ ಹಿಂದಿನ ಕೋಣೆಯಲ್ಲಿ ಕುಳಿತರೆ ಸಂಜೆಯವರೆಗೆ ಸೀರೆಗಳಿಗೆ ಫಾಲ್ ಹಚ್ಚುವುದು, ಸೆರಗಿಗೆ ಗೊಂಡೆ ಕಟ್ಟುವುದು ಅವಳ ಕೆಲಸ. ಐಬಿನ ಸೀರೆಗಳನ್ನು ಇಡುತ್ತಿದ್ದುದೂ ಅದೇ ಕೋಣೆಯಲ್ಲಿ. ಎಲ್ಲೋ ಒಂದು ಎಳೆ ಕಿತ್ತದ್ದು, ಬಣ್ಣ ಇಳಿದದ್ದು, ಅಂಚು ಸೊಟ್ಟಗಾದದ್ದು. ಅವುಗಳ ಬಗ್ಗೆ ಶಂಕ್ರಪ್ಪ ತಂದೆಯ ಕಾಲದ ಒಂದು ನೇಮ ಪಾಲಿಸುತ್ತಿದ್ದ. ಐಬಿನ ಸೀರೆಯನ್ನು ಮಾರಬಹುದು, ಆದರೆ ದಿನದ ಮೊದಲ ಗಿರಾಕಿಯ ಮುಂದೆ ಮಾತ್ರ ಬಿಚ್ಚಬಾರದು.

ಸುಧಾರಾಣಿಗೆ ಎರಡು ವರ್ಷದ ಕೂಸಿದ್ದಾಗ ಜ್ವರ ಬಂದು ಎಡಗಾಲು ಸಣಕಲಾಗಿ ನಿಂತಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಕ್ಯಾಲಿಪರ್. ನಿಲ್ಲುವಾಗ ಮೊಣಕಾಲಿನ ಹತ್ತಿರದ ಕೊಂಡಿ ‘ಕಟ್’ ಎಂದು ಕೂಡುತ್ತಿತ್ತು, ಕುಳಿತುಕೊಳ್ಳುವಾಗ ಬಿಡಿಸಿಕೊಳ್ಳಬೇಕಿತ್ತು. ಬಿ.ಕಾಂ. ಮುಗಿಸಿದ್ದಳು. ಆದರೆ ಅವಳು ಖರೇ ಕಲಿತದ್ದು ಹಿಂದಿನ ಕೋಣೆಯ ಪರದೆಯ ಈಚೆ ಕುಳಿತು. ಮುಂದೆ ಗಾದಿಯ ಮೇಲೆ ಸೀರೆ ತೋರಿಸುತ್ತಿದ್ದ ಚನ್ನೇಶನ ಮಾತು, ಗಿರಾಕಿಗಳ ಮಾತು ಎಲ್ಲ ಅವಳಿಗೆ ಕೇಳುತ್ತಿದ್ದವು. ಹೆಂಗಸು ‘ಸುಮ್ಮ ನೋಡಾಕ ಬಂದೇವ್ರಿ’ ಅಂದಳೆಂದರೆ ಮದುವೆಯ ಜವಳಿ. ‘ಎಷ್ಟಾಗ್ತದ’ ಎಂದು ಮೊದಲೇ ಕೇಳಿದಳೆಂದರೆ ಗಂಡನಿಗೆ ಹೇಳದೆ ಬಂದವಳು. ಐದಾರು ಸೀರೆ ಬಿಚ್ಚಿ ಸೋತಾಗ ಚನ್ನೇಶ ಪರದೆ ಸರಿಸಿ ಇಣುಕುತ್ತಿದ್ದ.

“ಸುಧಾ, ಈ ಹೆಣ್ಮಗಳಿಗೆ ಏನ್ ತೋರಸಲವ್ವಾ?”

“ಹಸಿರು ಬ್ಯಾಡ, ಮ್ಯಾಲಿನ ಸಾಲಿನ್ಯಾಗಿಂದು ಕುಸುಬಿ ಬಣ್ಣದ್ದು ತಗೀರಿ.”

ಅದೇ ಮಾರಾಟವಾಗುತ್ತಿತ್ತು. ಚನ್ನೇಶ ಹಾನಗಲ್ಲಿನಲ್ಲಿ ಸ್ವಂತ ಅಂಗಡಿ ಹಾಕುತ್ತೇನೆಂದು ಬಿಟ್ಟುಹೋದಾಗ ಗಾದಿ ಖಾಲಿಯಾಯಿತು. ಸುಧಾರಾಣಿಗೆ ಅದೊಂದೇ ಧ್ಯಾನವಾಯಿತು. ಗಾದಿಯ ಮೇಲೆ ಕುಳಿತವರೆಲ್ಲ ಕಾಲು ಮಡಚಿಕೊಂಡೇ ಇರುತ್ತಾರೆ. ಮುಂದೆ ಸೀರೆಗಳು ಹರಡಿರುತ್ತವೆ. ಯಾರ ಕಾಲು ಹೇಗಿದೆ ಎಂದು ಯಾರಿಗೂ ಕಾಣುವುದಿಲ್ಲ. ಇಡೀ ಶಿಗ್ಗಾವಿಯಲ್ಲಿ ತನಗೆಂದೇ ಮಾಡಿಟ್ಟ ಜಾಗ ಅದೊಂದೇ ಎಂದು ಅವಳಿಗೆ ಅನ್ನಿಸಿತ್ತು.

ಅಷ್ಟರಲ್ಲಿ ದೀಪ್ತಿ ಮೇಡಂ ಬಂದರು. ಸವಣೂರಿನವರು, ಅಜ್ಜ ಸಂಸ್ಕೃತ ಪಂಡಿತರು, ಇವರು ಸಮಾಜಕಾರ್ಯ ಓದಿ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಿಗೆ ಅಂಗವಿಕಲರ ಉದ್ಯೋಗ ಬೆಂಬಲ ಕೇಂದ್ರ ತೆರೆಯುವುದು ಸಂಸ್ಥೆಯ ಯೋಜನೆ. ಕೇಂದ್ರ ಹೇಗಿರಬೇಕೆಂದು ಮೊದಲು ಕೆಲಸ ಕೊಡುವ ಮಾಲೀಕರನ್ನೇ ಕೇಳಬೇಕು, ಅವರ ಕೈಯಿಂದಲೇ ರೂಪಿಸಬೇಕು ಎಂದು ಮೇಲಿನವರ ಅಪ್ಪಣೆಯಾಗಿತ್ತು. ಕೆಲಸ ಕೊಟ್ಟವರಿಗೆ ಆರು ತಿಂಗಳು ಅರ್ಧ ಪಗಾರ ಸಂಸ್ಥೆಯೇ ತುಂಬುವುದು.

ಮೇ ತಿಂಗಳ ಕೊನೆಗೆ ಶಿಗ್ಗಾವಿಯ ಒಂದು ಸಭಾಭವನದಲ್ಲಿ ಸಭೆ. ಶಂಕ್ರಪ್ಪ ಸುಧಾರಾಣಿಯನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೋದ. ಅವನ ಕಾರಿನಲ್ಲಿ ಅವಳು ಕುಳಿತದ್ದು ಅದೇ ಮೊದಲು.

“ಸೋಮವಾರದಿಂದ ಗಾದಿ ನಿಂದು,” ಎಂದ ಶಂಕ್ರಪ್ಪ, ಕನ್ನಡಿಯಲ್ಲಿ ಅವಳನ್ನು ನೋಡುತ್ತ. “ಹಿಂದಿನ ಕೆಲಸಕ್ಕ ಶಾರವ್ವನ್ನ ಕರದೇನಿ. ಇವತ್ತ ಅಲ್ಲೆ ನಾಕ ಮಂದಿ ಮುಂದ ಛಲೋ ಮಾತಾಡು.”

ಸುಧಾರಾಣಿಯ ಕೈಚೀಲದಲ್ಲಿ ಒಂದು ಹಾಳೆ ಇತ್ತು. ದೀಪ್ತಿ ಮೇಡಂ ಮಾತನಾಡಲು ಹೇಳಿದ್ದಾರೆಂದು ಹಿಂದಿನ ದಿನ ಬರೆದುಕೊಂಡಿದ್ದಳು. ಮುಂಬಾಗಿಲಿನ ಮೂರು ಮೆಟ್ಟಿಲಿಗೆ ಒಂದು ಹಿಡಿಕೆ ಬೇಕು. ಗಾದಿ ಹತ್ತಲು ಮೊಣಕಾಲೆತ್ತರದ ಒಂದು ಮಣೆ ಬೇಕು. ಸಂಜೆಯ ಬಸ್ಸಿಗೆ ಹತ್ತು ನಿಮಿಷ ಮೊದಲು ಬಿಡಬೇಕು. ಮೂರೇ ಮಾತು.

ಸಭೆಯಲ್ಲಿ ಹದಿನೆಂಟು ಮಾಲೀಕರು. ದೀಪ್ತಿ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಡುವೆ ಗೆರೆ ಎಳೆದಿದ್ದರು. ಎಡಕ್ಕೆ ‘ಮಾಲೀಕರ ನಿರೀಕ್ಷೆ’, ಬಲಕ್ಕೆ ‘ನಮ್ಮ ಬೆಂಬಲ’.

“ಇಷ್ಟು ದಿನಾ ಏನಾಗ್ತಿತ್ತು ಅಂದ್ರ, ನಾವು ಟ್ರೇನಿಂಗ್ ಕೊಡೋದು, ನೀವು ಬ್ಯಾಡ ಅನ್ನೋದು,” ಎಂದರು ದೀಪ್ತಿ. “ಈ ಸಲ ನೀವು ಹ್ಯಾಂಗ ಹೇಳ್ತೀರಿ ಹಾಂಗ ಕಟ್ಟೋಣ. ಮನಸು ಬಿಚ್ಚಿ ಹೇಳ್ರಿ. ಇಲ್ಲಿ ತಪ್ಪು ಉತ್ತರ ಅಂತ ಯಾವುದೂ ಇಲ್ಲ.”

ಹಾನಗಲ್ಲಿನ ಅಕ್ಕಿ ಗಿರಣಿಯ ಉಡಚಪ್ಪ ಮೊದಲು ಬಾಯಿ ತೆರೆದ. “ಮೇಡಂ, ನನಗ ಕಿವುಡರನ್ನ ಕೊಡ್ರಿ. ನಾಕ ಮಂದಿ ಇದ್ರೂ ನಾಳೇನ ತಗೋತೇನಿ. ಮಷೀನಿನ ಸಪ್ಪಳಕ್ಕ ಆಳುಗಳು ತಲಿನೋವು ಅಂತ ಕುಂದರ್ತಾರ. ಕಿವುಡಗ ಯಾತರ ತಲಿನೋವು? ಮತ್ತ ಬೈದ್ರ ಸಿಟ್ಟಾಗಂಗಿಲ್ಲ.”

ಸಭೆ ನಕ್ಕಿತು. ದೀಪ್ತಿಯೂ ಸ್ವಲ್ಪ ನಕ್ಕು ಬರೆದರು: ‘ಶಬ್ದವಿರುವ ಪರಿಸರಕ್ಕೆ ಹೊಂದುವ ಅಭ್ಯರ್ಥಿಗಳು.’

ಹಿರೇಕೆರೂರಿನಲ್ಲಿ ಬೀಜದ ಗೋದಾಮು ಇಟ್ಟಿದ್ದ ರುದ್ರೇಶ ಎದ್ದ. “ನಮಗ ಕಾಲಿಲ್ಲದವ್ರು ಇದ್ರ ನಡೀತೈತ್ರಿ. ಬೀಜ ಆರಿಸೂ ಕೆಲಸ. ಕಾಲ ಗಟ್ಟಿ ಇದ್ದವ್ರು ತಾಸಿಗೊಮ್ಮೆ ನೀರು, ತಾಸಿಗೊಮ್ಮೆ ಸಂಡಾಸು ಅಂತ ಏಳ್ತಾರ. ಇವ್ರು ಒಮ್ಮಿ ಕುಂತ್ರ ಕುಂತ್ರು.”

ದೀಪ್ತಿ ಬರೆದರು: ‘ಏಕಾಗ್ರತೆಯಿಂದ ಕುಳಿತು ಮಾಡುವ ಕೆಲಸಗಳು.’

ಹಿಂದಿನ ಸಾಲಿನಲ್ಲಿ ಸವಣೂರಿನ ಗುಲ್ನಾರ ಕುಳಿತಿದ್ದಳು. ಖಾರದ ತಿನಿಸು ಮಾಡಿ ಊರೂರಿಗೆ ಕಳಿಸುವವಳು. ಹನ್ನೆರಡು ಮಂದಿ ಹೆಂಗಸರಿಗೆ ಕೆಲಸ ಕೊಟ್ಟಿದ್ದಳು. ಅವಳು ಕೂತಲ್ಲಿಂದಲೇ ಕೇಳಿದಳು. “ಇಲ್ಲೆ ಒಬ್ಬಾಕಿ ಕುಂತಾಳಲ್ರಿ ಮೇಡಂ. ಅಕೀಗೆ ಏನ್ ಬೇಕು ಅಂತ ಅಕೀನ್ನೂ ಒಂದ ಮಾತ ಕೇಳೂದಲ್ಲೇನು?”

“ಅವ್ರ ಅನುಭವ ಹಂಚಿಕೆ ಊಟಾದ ಮ್ಯಾಲ ಅದ,” ಎಂದರು ದೀಪ್ತಿ. “ಮೊದಲು ಮಾಲೀಕರ ಮಾತು.”

ಶಂಕ್ರಪ್ಪ ಎದ್ದು ನಿಂತು ಜುಬ್ಬಾ ಸರಿಮಾಡಿಕೊಂಡ. “ನಮ್ಮ ಅಂಗಡ್ಯಾಗ ನಾಕ ವರ್ಷದಿಂದ ಒಬ್ಬಾಕಿ ಇದ್ದಾಳ. ಮನಿ ಮಗಳಿದ್ದಂಗ. ಈಗ ಅಕೀನ್ನ ಮುಂದ ಗಾದಿ ಮ್ಯಾಲ ಕುಂದ್ರಸಾಕತ್ತೇನಿ.” ಚಪ್ಪಾಳೆ ಬಿತ್ತು. ಅದು ಮುಗಿಯುವವರೆಗೆ ತಡೆದು ಅವನು ಹೇಳಿದ. “ಒಂದ ಮಾತು ಬರ್ಕೋರಿ. ಇಂಥವ್ರು ಬೋಣಿಗೆ ಆದಮ್ಯಾಲ ಬರ್ಲಿ.”

ಯಾರೂ ಅರ್ಥ ಕೇಳಲಿಲ್ಲ. ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ದಿನದ ಮೊದಲ ವ್ಯಾಪಾರ ಬೋಣಿಗೆ. ಆ ಮೊದಲ ದುಡ್ಡನ್ನು ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುವುದು. ಆ ಹೊತ್ತಿಗೆ ಎದುರಿಗಿದ್ದ ಮುಖ ಎಂಥದೋ, ಕೈ ಎಂಥದೋ, ದಿನವೂ ಅಂಥದೇ. ದೀಪ್ತಿಯ ಮನೆ ಇದ್ದದ್ದು ಸವಣೂರಿನ ಪೇಟೆ ಓಣಿಯಲ್ಲೇ; ವಿಧವೆಯಾಗಿದ್ದ ಅವರ ಅಜ್ಜಿ ಗೋಪಿಕಾಬಾಯಿ, ಅಂಗಡಿಗಳಲ್ಲಿ ಬೋಣಿಗೆ ಆಗುವ ತನಕ ಎಂದೂ ಹೊಸ್ತಿಲು ದಾಟುತ್ತಿರಲಿಲ್ಲ. ದೀಪ್ತಿಯ ಕೈಯ ಮಾರ್ಕರು ಹಾಳೆಯ ಮೇಲೆ ನಿಂತೇ ಇತ್ತು.

“ತಪ್ಪ ತಿಳೀಬ್ಯಾಡ್ರಿ,” ಎಂದ ಶಂಕ್ರಪ್ಪ. “ಮುಂಜಾನೆ ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇರೂದಿಲ್ಲ. ಪಾಪ, ಕಾಲಿನವ್ರಿಗೆ ತ್ರಾಸು. ಅದಕ್ಕ ಅಂದೆ.”

ದೀಪ್ತಿಯ ಮುಖ ಹಗುರವಾಯಿತು. “ಹೊಂದಾಣಿಕೆಯ ವೇಳೆ,” ಎಂದು ಬರೆದರು. ಹಿಂದೆ ಸರಿದು ನೋಡಿದರು. “ಇದಕ್ಕ ‘ನಿಧಾನ ಬೆಳಗು’ ಅಂತ ಹೆಸರಿಟ್ರ ಹ್ಯಾಂಗ?”

“ಭಾಳ ಛಲೋ ಹೆಸರು,” ಎಂದ ಉಡಚಪ್ಪ. “ನಮ್ಮ ಗಿರಣಿಗೂ ಅದನ್ನ ಬರ್ಕೋರಿ.”

ನಾಲ್ಕು ವರ್ಷ ಬೆಳಿಗ್ಗೆ ಬಸ್ಸಿನಲ್ಲಿ ಬಂದದ್ದಕ್ಕೆ ಸುಧಾರಾಣಿಗೆ ತ್ರಾಸವಾಗಿರಲಿಲ್ಲ. ಕಂಡಕ್ಟರನ ಹಿಂದಿನ ಸೀಟು ದಿನಾಲೂ ಅವಳಿಗೇ ಇರುತ್ತಿತ್ತು.

ಊಟಕ್ಕೆ ಜಿಲೇಬಿ ಇತ್ತು. ಊಟ ಮುಗಿಯುತ್ತಲೇ ಅರ್ಧ ಮಂದಿ ಎದ್ದರು. ಗುಲ್ನಾರಳಿಗೂ ಸವಣೂರಿನ ಬಸ್ಸಿನ ಹೊತ್ತಾಗಿತ್ತು. ಸುಧಾರಾಣಿಯನ್ನು ಕರೆದಾಗ ಮುಂದಿನ ಸಾಲಿನಲ್ಲಿ ಉಳಿದವರು ಏಳು ಜನ. ಶಂಕ್ರಪ್ಪ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಅವಳನ್ನೇ ನೋಡುತ್ತಿದ್ದ. ಅವಳು ಹಾಳೆ ಬಿಚ್ಚಿದಳು. ಸೋಮವಾರಕ್ಕೆ ಇನ್ನು ಮೂರೇ ದಿನವಿತ್ತು.

“ಸಾವಕಾರ್ರು ನನ್ನ ಭಾಳ ಛಲೋ ನೋಡ್ಕೋತಾರ್ರಿ,” ಎಂದಳು. ಹಾಳೆಯನ್ನು ಮತ್ತೆ ಮಡಚಿದಳು.

ಸೋಮವಾರ ಶಂಕ್ರಪ್ಪ ಒಂದು ಪದ್ಧತಿ ಹಾಕಿಕೊಟ್ಟ. ಅವಳು ಬಸ್ ನಿಲ್ದಾಣದಲ್ಲಿ ಕುಳಿತಿರಬೇಕು. ಬೋಣಿಗೆ ಆದ ಕೂಡಲೇ ಅವನು ಮಿಸ್ಡ್ ಕಾಲ್ ಕೊಡುತ್ತಾನೆ. ಎತ್ತುವುದು ಬೇಡ, ಒಂದು ಸಲ ಬಡಿದು ನಿಂತರೆ ಎದ್ದು ಬರುವುದು. ಹಾಜರಿ ಗಾದಿ ಹತ್ತಿದ ಹೊತ್ತಿನಿಂದ. ಹಿಂದಿನ ಬಾಗಿಲಿನಿಂದ ಮೊದಲೇ ಬಂದು ಕೋಣೆಯಲ್ಲಿ ಕುಳಿತುಕೊಳ್ಳಲೇ ಎಂದು ಅವಳು ಕೇಳಿದಳು.

“ಹಿಂದ ಶಾರವ್ವ ಇದ್ದಾಳಲ್ಲ. ಮತ್ತ ನೀ ಈಗ ಮುಂದಿನಾಕಿ,” ಎಂದ ಶಂಕ್ರಪ್ಪ. “ಮುಂದಿನಾಕಿ ಹಿಂದಿನ ಬಾಗಲಾ ಬಡ್ಯೂದು ಚೆಂದ ಕಾಣಂಗಿಲ್ಲ.”

ಗಾದಿಯ ಮೇಲೆ ಅವಳು ಮೊದಲ ವಾರದಲ್ಲೇ ಚನ್ನೇಶನನ್ನು ಮೀರಿಸಿದಳು. ಒಂದು ಸಲ ಅತ್ತೆ-ಸೊಸೆ ಬಂದು ಸೊಸೆ ಕೆಂಪಿನತ್ತ, ಅತ್ತೆ ಕಂದಿನತ್ತ ಜಗ್ಗುತ್ತಿದ್ದಾಗ, ಸುಧಾರಾಣಿ ಎರಡನ್ನೂ ಮಡಚಿಟ್ಟು ಇಳಕಲ್ ಸೀರೆಯೊಂದನ್ನು ಅತ್ತೆಯ ಹೆಗಲ ಮೇಲೆ ಹಾಕಿ, “ಅತ್ತಿಯವ್ರ, ಇದು ನಿಮಗ. ಕೆಂಪಿಂದು ಅಕೀಗೆ ನೀವ ಕೊಡಸ್ರಿ, ನಿಮ್ಮ ಹೆಸರು ಹೇಳ್ಕೊಂಡು ಉಡ್ತಾಳ,” ಎಂದಳು. ಎರಡೂ ಹೋದವು. ದುಂಡಸಿಯಲ್ಲಿ ಅವಳ ತಾಯಿ ಸರೋಜವ್ವ ಓಣಿಯ ತುಂಬ ಹೇಳಿಕೊಂಡು ಬಂದಳು. “ನಮ್ಮ ಸುಧಾ ಈಗ ಮುಂದ ಕುಂದರ್ತಾಳ.”

ಆದರೆ ಆಷಾಢ ಬಂತು. ಆಷಾಢದಲ್ಲಿ ಜವಳಿ ಕೊಳ್ಳುವವರು ಕಡಿಮೆ. ಫೋನು ಒಮ್ಮೆ ಹನ್ನೊಂದಕ್ಕೆ ಬಡಿಯಿತು, ಒಮ್ಮೆ ಒಂದೂವರೆಗೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಅವಳು ಹಾನಗಲ್ಲಿನ ಬಸ್ಸು, ಸವಣೂರಿನ ಬಸ್ಸು, ಹುಬ್ಬಳ್ಳಿಯ ಬಸ್ಸು ಬಂದುಹೋಗುವುದನ್ನು ನೋಡಿದಳು. ಬೆಂಚಿನಿಂದ ಎದ್ದರೆ ಜಾಗ ಹೋಗುತ್ತದೆಂದು ನೀರು ಕುಡಿಯುವುದನ್ನು ಬಿಟ್ಟಳು. ರುದ್ರೇಶ ಹೇಳಿದಂತೆಯೇ, ಒಮ್ಮೆ ಕುಳಿತರೆ ಕುಳಿತಳು. ಒಂದು ಮಂಗಳವಾರ ಸಂಜೆ ನಾಲ್ಕಕ್ಕೆ ಶಂಕ್ರಪ್ಪ ಫೋನು ಹಚ್ಚಿ ನಿಜವಾಗಿಯೇ ಮಾತಾಡಿದ. “ಇವತ್ತ ಬೋಣಿಗೇನ ಆಗಲಿಲ್ಲವಾ. ಊರಿಗೆ ಹೋಗು. ನಾಳೆ ಬಾ.” ಅಂಥ ದಿನ ಆ ತಿಂಗಳಲ್ಲಿ ಐದು ಬಂದವು.

ಹಾಜರಿಯ ಹಾಳೆ ನೋಡಿ ದೀಪ್ತಿ ಫೋನು ಮಾಡಿದರು. “ಸುಧಾರಾಣಿ, ನಿಮ್ಮ ತಾಸು ಭಾಳ ಕಡಿಮಿ ಆಗ್ಯಾವ. ಹಿಂಗಾದ್ರ ನಿಮ್ಮದು ಪೂರ್ತಿ ಉದ್ಯೋಗ ಅಂತ ತೋರಿಸಲಿಕ್ಕೆ ಆಗೂದಿಲ್ಲ. ಆರಾಮ ಇಲ್ಲೇನು?”

“ಆರಾಮ ಇದ್ದೇನ್ರಿ. ನಿಧಾನ ಬೆಳಗು ಆಗಾಕತ್ತೈತ್ರಿ,” ಎಂದಳು ಸುಧಾರಾಣಿ.

“ಸಾಹುಕಾರರ ಜೋಡಿ ಹೊಂದ್ಕೊಂಡು ಹೋಗ್ರಿ,” ಎಂದು ದೀಪ್ತಿ ಫೋನು ಇಟ್ಟರು.

ಬೆಂಚಿನ ಪಕ್ಕದಲ್ಲಿ ಕುಲಸುಮಬಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದಳು. ಅರವತ್ತು ದಾಟಿದ ಮುದುಕಿ. ಇಪ್ಪತ್ತು ವರ್ಷದಿಂದ ಅದೇ ಕಂಬದ ಬುಡ. ಬಾಯಲ್ಲಿ ಯಾವಾಗಲೂ ಎಲೆ.

“ದಿನಾ ಇಲ್ಲಿ ಕುಂತು ಯಾರ್ನ ಕಾಯ್ತಿ ಬೇಟಿ? ಗಂಡನ್ನ?”

“ಬೋಣಿಗೀನ್ನ ಕಾಯಾಕತ್ತೇನ್ರಿ ಚಾಚಿ.”

ಸುಧಾರಾಣಿ ಎಲ್ಲ ಹೇಳಿದಳು. ಮುದುಕಿ ಎಲೆ ಉಗುಳಿ ಬಂದು, “ಹತ್ತೇರೀ!” ಎಂದಳು. “ಬೋಣಿಗಿ ಅಂದ್ರ ಏನ್ ಆಕಾಶದಿಂದ ಬೀಳ್ತೈತೇನ? ಯಾರಾರ ಒಬ್ರು ಹೋಗಿ ಏನಾರ ತಗೊಂಡ್ರ ಆತಲ್ಲ.”

ಅವಳು ಚೇಷ್ಟೆಗೆ ಅಂದದ್ದು. ಸುಧಾರಾಣಿ ಅಂದು ರಾತ್ರಿಯೆಲ್ಲ ಅದನ್ನೇ ಯೋಚಿಸಿದಳು. ಶ್ರಾವಣದ ಮೊದಲ ಸೋಮವಾರ ಅವಳು ಇಪ್ಪತ್ತು ರೂಪಾಯಿಯ ನೋಟೊಂದನ್ನು ಕುಲಸುಮಬಿಯ ಕೈಯಲ್ಲಿಟ್ಟಳು. “ಹೋಗಿ ಒಂದ ದಸ್ತಿ ತಗೊಂಡ ಬರ್ರಿ ಚಾಚಿ. ಕಡಿಮಿ ಮಾಡ್ರಿ ಅಂತ ಕೇಳಬ್ಯಾಡ್ರಿ. ಯಾರ ಕಡೆನೂ ಹೇಳಬ್ಯಾಡ್ರಿ.”

ಮುದುಕಿ ಹೋಗಿ ಕೈವಸ್ತ್ರವೊಂದನ್ನು ಹಿಡಿದುಕೊಂಡು ಬರುವಷ್ಟರಲ್ಲಿ ಫೋನು ಬಡಿದು ನಿಂತಿತ್ತು. ಒಂಬತ್ತೂ ಇಪ್ಪತ್ತು.

ಅಂದಿನಿಂದ ದಿನಾಲೂ ಒಂದು ದಸ್ತಿ. ಶಂಕ್ರಪ್ಪನ ಅಂಗಡಿಯ ಬಾಗಿಲು ತೆರೆದು ಊದುಬತ್ತಿ ಹಚ್ಚುವುದಕ್ಕೂ ಕುಲಸುಮಬಿ ಮೆಟ್ಟಿಲು ಹತ್ತುವುದಕ್ಕೂ ಸರಿಹೋಗುತ್ತಿತ್ತು. ಇಷ್ಟೊಂದು ದಸ್ತಿ ಏನು ಮಾಡುವುದು? ಸುಧಾರಾಣಿ ಅವನ್ನು ಒಂದಕ್ಕೊಂದು ಹೊಲಿದು ಬುಟ್ಟಿಗೆ ಮುಚ್ಚಿಗೆ ಮಾಡಿಕೊಟ್ಟಳು. ವಾರ ಕಳೆದಂತೆ ಮುಚ್ಚಿಗೆ ಬೆಳೆಯಿತು. ನೀಲಿ ಗೆರೆ, ಕಂದು ಗೆರೆ, ಹೂವಿನದು. ಬಾಳೆಹಣ್ಣು ಕೊಳ್ಳುವವರು, “ಚಾಚಿ, ಹಣ್ಣಿಗಿಂತ ಹೊದಿಕಿ ಜೋರ ಐತಲ್ಲ,” ಎಂದು ನಗುತ್ತಿದ್ದರು.

ಶ್ರಾವಣ, ಭಾದ್ರಪದ, ಆಶ್ವೀಜ. ಒಂಬತ್ತೂವರೆಗೆ ಗಾದಿಯ ಮೇಲಿದ್ದ ಸುಧಾರಾಣಿ ಸಂಜೆಯವರೆಗೂ ಸೀರೆ ಬಿಚ್ಚಿದಳು. ಗೌರಿಗೆ, ದಸರೆಗೆ ಗಾದಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹಾನಗಲ್ಲಿನಿಂದ, ರಟ್ಟೀಹಳ್ಳಿಯಿಂದ ಮದುವೆಯ ಜವಳಿಗೆ ಗಾಡಿ ಮಾಡಿಕೊಂಡು ಬಂದರು. ‘ಆ ಹುಡುಗಿ ಇದ್ದಾಳಲ್ಲ, ಅಕೀನ್ನ ಕರೀರಿ’ ಎಂದು ಹೆಂಗಸರು ಕೇಳುತ್ತಿದ್ದರು. ಶಂಕ್ರಪ್ಪ ಕೇಳಿಸಿಕೊಂಡ, ಆದರೆ ಅವನ ಲೆಕ್ಕವೇ ಬೇರೆ. “ಆ ಮುದುಕಿ ಕೈ ಭಾಳ ಛಲೋ ಐತಿ,” ಎಂದು ಸಂಜೆ ಗಲ್ಲಾಪೆಟ್ಟಿಗೆಗೆ ಕೀಲಿ ಹಾಕುತ್ತ ಹೇಳುತ್ತಿದ್ದ. “ಅಕೀ ಬೋಣಿಗಿ ಮಾಡಾಕ ಹತ್ತಿದಾಗಿಂದ ಅಂಗಡಿ ಎದ್ದೈತಿ. ನಮ್ಮ ಅಪ್ಪನ ಕಾಲದಾಗೂ ಇಂಥಾ ವ್ಯಾಪಾರ ನೋಡಿಲ್ಲ.”

ಸುಧಾರಾಣಿ ಸೀರೆ ಮಡಚಿಡುತ್ತಿದ್ದಳು. ಹೊಗಳಿಕೆ ಅವಳಿಗೆ ಬೇಕಿರಲಿಲ್ಲ. ಆರು ತಿಂಗಳು ಮುಗಿಯಲು ತಿಂಗಳಷ್ಟೇ ಉಳಿದಿತ್ತು. ಅದು ಮುಗಿದರೆ ಕೆಲಸ ಕಾಯಂ ಎಂದು ಕರಾರಿನಲ್ಲಿತ್ತು.

ದೀಪಾವಳಿಯ ಪಾಡ್ಯದ ದಿನ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ವರ್ಷದ ಬೋಣಿಗೆ ಅಂದೇ. ಶಂಕ್ರಪ್ಪ ಹೊಸ ಯೋಚನೆ ಮಾಡಿದ್ದ. ಹಿಂದಿನ ದಿನವೇ ಬಸ್ ನಿಲ್ದಾಣಕ್ಕೆ ತಾನೇ ಹೋಗಿ ಕುಲಸುಮಬಿಗೆ ಕೈಮುಗಿದು, ಪಾಡ್ಯದ ಬೋಣಿಗೆ ನಿನ್ನ ಕೈಯಿಂದಲೇ ಆಗಬೇಕು ಎಂದು ಹೇಳಿ ಬಂದಿದ್ದ. ಅವಳಿಗೆ ಕೊಡಲೆಂದು ಹಸಿರು ರೇಷ್ಮೆ ಅಂಚಿನ ಸೀರೆ ತೆಗೆದಿಟ್ಟಿದ್ದ. ದೀಪ್ತಿಯನ್ನೂ ಕರೆದಿದ್ದ. ‘ನಿಧಾನ ಬೆಳಗು’ ನಾಲ್ಕೂ ತಾಲೂಕುಗಳಲ್ಲಿ ಜಾರಿಯಾಗಲಿದೆ, ಅದಕ್ಕೊಂದು ಫೋಟೋ ಬೇಕೆಂದು ದೀಪ್ತಿ ಕ್ಯಾಮೆರಾದವನನ್ನು ಕರೆದುಕೊಂಡು ಬಂದರು. ಫೋಟೋದಲ್ಲಿ ಗಾದಿಯ ಮೇಲೆ ಸುಧಾರಾಣಿ ಇರಲೇಬೇಕು ಎಂದರು. ಶಂಕ್ರಪ್ಪ ಸ್ವಲ್ಪ ತಡೆದ. ಬೋಣಿಗೆ ಇನ್ನೂ ಆಗಿರಲಿಲ್ಲ. ಕ್ಯಾಮೆರಾ ನೋಡಿದ. “ಇವತ್ತೊಂದಿನ ಕುಂದರ್ಲಿ. ಮುಖಾ ಆ ಕಡೆ ಇರ್ಲಿ,” ಎಂದ.

ಕುಲಸುಮಬಿ ಒಗೆದ ಸೀರೆ ಉಟ್ಟು ಬಂದಳು. ಅಂಗಡಿ ತುಂಬ ಬಂಧುಬಳಗ, ಪಕ್ಕದ ಅಂಗಡಿಯವರು. ಶಂಕ್ರಪ್ಪ ಎಲ್ಲರೆದುರು ತಟ್ಟೆಯಲ್ಲಿ ಸೀರೆ, ಹೂವು, ಹಣ್ಣು ಇಟ್ಟು, “ನಮ್ಮ ಅಂಗಡಿಗೆ ಲಕ್ಷ್ಮಿ ಬಂದದ್ದು ಈ ತಾಯಿ ಕೈಗುಣದಿಂದ,” ಎಂದ.

ಮುದುಕಿ ತಟ್ಟೆ ನೋಡಿದಳು. ಗಾದಿಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತ ಸುಧಾರಾಣಿಯನ್ನು ನೋಡಿದಳು. ತನ್ನದಲ್ಲದ್ದನ್ನು ತೆಗೆದುಕೊಂಡು ಗೊತ್ತಿಲ್ಲದವಳು. ಇಷ್ಟು ಮಂದಿಯ ನಡುವೆ, ಇಷ್ಟು ದೊಡ್ಡ ದಿನ, ಈ ಹುಡುಗಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ಅವಳಿಗೆ ಅನ್ನಿಸಿತು.

“ಸಾವಕಾರ್ರ, ಅಲ್ಲಾನ ಕಸಮ್, ಸುಳ್ಳ ಹೇಳಬಾರದು,” ಎಂದಳು. “ಕೈ ನಂದು ಖರೇ. ರೊಕ್ಕ ಈ ಬೇಟೀದು. ದಿನಾ ಮುಂಜಾನೆ ಅಕೀ ಕೊಡ್ತಿದ್ಲು, ನಾ ತರ್ತಿದ್ದೆ. ನಿಮ್ಮ ಅಂಗಡಿ ಲಕ್ಷ್ಮಿ ಅಕೀನ. ಆ ಸೀರಿ ಅಕೀಗೇ ಕೊಡ್ರಿ.”

ಊದುಬತ್ತಿಯ ಹೊಗೆ ಮೇಲೇರುತ್ತಿತ್ತು. ಶಂಕ್ರಪ್ಪ ತಟ್ಟೆಯನ್ನು ಕೆಳಗಿಟ್ಟ. ಕೂಗಾಡಲಿಲ್ಲ.

“ಎಂದಿಂದ?” ಎಂದು ಸುಧಾರಾಣಿಯನ್ನು ಕೇಳಿದ.

“ಶ್ರಾವಣದಿಂದ್ರಿ.”

“ದಿನಾ?”

“ದಿನಾ ರೀ.”

“ದಿನಾ ನಾ ಅದನ್ನ ಕಣ್ಣಿಗೆ ಒತ್ಕೊಂಡೇನಿ.” ಅವನು ತನ್ನ ಬೆರಳುಗಳನ್ನು ನೋಡಿಕೊಂಡ. “ಕುಂಟಿ ರೊಕ್ಕ.”

ಸುಧಾರಾಣಿ ಈಗ ತಿರುಗಿ ಕುಳಿತಳು. “ವ್ಯಾಪಾರ ಆತಲ್ರಿ ಸಾವಕಾರ್ರ. ಅಪ್ಪನ ಕಾಲದಾಗೂ ಇಷ್ಟ ಆಗಿದ್ದಿಲ್ಲ ಅಂತ ನೀವ ಅಂದ್ರಿ.”

“ಅದಕ್ಕ ಅಂಜಿಕಿ ಬರಾಕತ್ತೈತಿ,” ಎಂದ ಶಂಕ್ರಪ್ಪ. ಬೆರಳುಗಳನ್ನು ಜುಬ್ಬಾಕ್ಕೆ ಒರೆಸಿಕೊಂಡ. “ಇಷ್ಟು ಕೊಟ್ಟಿದ್ದು ತಿರುಗಿ ಏನ್ ತಗೊಂಡ ಹೋಗ್ತೈತೋ. ಇಳಿ.”

“ಸಾವಕಾರ್ರ...”

“ಗಾದಿಯಿಂದ ಇಳಿ. ಮುಹೂರ್ತ ಹೋಗ್ತೈತಿ.”

ಗಾದಿಯಿಂದ ಇಳಿಯುವುದು ಅವಳಿಗೆ ಒಂದೇ ಕ್ಷಣದ ಕೆಲಸವಲ್ಲ. ಮೊದಲು ಬಲಗಾಲು ಕೆಳಗೆ ಬಿಡಬೇಕು, ಆಮೇಲೆ ಎಡಗಾಲನ್ನು ಕೈಯಿಂದ ಎತ್ತಿ ಇಳಿಸಬೇಕು, ಕೊಂಡಿ ಕೂಡಿಸಬೇಕು. ಮಣೆ ಇರಲಿಲ್ಲ; ಅದು ಹಾಳೆಯಲ್ಲೇ ಉಳಿದಿತ್ತು. ಇಪ್ಪತ್ತು ಮಂದಿ ನೋಡುತ್ತ ನಿಂತರು. ದೀಪ್ತಿ ಒಂದು ಹೆಜ್ಜೆ ಮುಂದಿಟ್ಟು, ಶಂಕ್ರಪ್ಪನ ಮುಖ ನೋಡಿ, ಫೋನಿನಲ್ಲಿ ಏನೋ ಬಂದಂತೆ ತಲೆ ತಗ್ಗಿಸಿದರು. ‘ಕಟ್’ ಎಂದು ಕೊಂಡಿ ಕೂಡಿತು. ಅವಳು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ. ಶಾರವ್ವ ಬಂದು ಅವಳು ಕುಳಿತಿದ್ದ ಗಾದಿಯ ಬಿಳಿ ಹೊದಿಕೆಯನ್ನು ಎಳೆದು ಸುತ್ತಿ ಒಯ್ದಳು.

“ಚಾಚಿ, ನಿನ್ನ ಸ್ವಂತ ರೊಕ್ಕ ಐತೇನ?” ಎಂದ ಶಂಕ್ರಪ್ಪ. “ಇದ್ರ ಅದನ್ನ ಕೊಡು.”

ಕುಲಸುಮಬಿಗೆ ಏನಾಯಿತೆಂದೇ ತಿಳಿದಿರಲಿಲ್ಲ. ತಾನು ಕೊಟ್ಟರೆ ಸಾಹುಕಾರನ ಸಿಟ್ಟು ಇಳಿದೀತೆಂದು ಕುಪ್ಪಸದೊಳಗಿಂದ ಹತ್ತರ ನೋಟು ತೆಗೆದು ಗಡಿಬಿಡಿಯಿಂದ ಚಾಚಿದಳು. ಶಂಕ್ರಪ್ಪ ಅದನ್ನು ಎರಡು ಬಾರಿ ತಿರುಗಿಸಿ ನೋಡಿ ಕಣ್ಣಿಗೆ ಒತ್ತಿಕೊಂಡ. ಸುಧಾರಾಣಿ ಮೂರು ಮೆಟ್ಟಿಲು ಇಳಿಯುವಾಗ ಹಿಂದೆ ಗಂಟೆ ಬಾರಿಸುತ್ತಿದ್ದರು. ಹಿಡಿಕೆ ಇರಲಿಲ್ಲ, ಗೋಡೆ ಹಿಡಿದುಕೊಂಡಳು.

ದೀಪ್ತಿ ಹೊರಗೆ ಬಂದರು. “ನೀವು ನನಗ ಮೊದಲ ಹೇಳಬೇಕಿತ್ತು, ಸುಧಾರಾಣಿ.”

“ಏನ್ ಹೇಳಬೇಕಿತ್ರಿ? ಬೋಣಿಗಿ ಅಂದ್ರ ಏನಂತ ನಿಮಗ ಗೊತ್ತಿದ್ದಿಲ್ಲೇನ್ರಿ?”

ಒಳಗಿನಿಂದ ಕ್ಯಾಮೆರಾದವನು ದೀಪ್ತಿಯನ್ನು ಕರೆದ. ಹೋದರು.

ಒಂದು ತಿಂಗಳ ಮೇಲೆ, ಶಿಗ್ಗಾವಿಯಲ್ಲಿ ಹೊಸದಾಗಿ ತೆರೆದಿದ್ದ ಕೇಂದ್ರದಿಂದ 'ಒಂದು ಸಹಿ ಬಾಕಿ ಇದೆ, ಬಂದುಹೋಗಿ' ಎಂದು ಸುಧಾರಾಣಿಗೆ ಫೋನು ಬಂತು. ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೇನೆ ಎಂಬ ಕಾಗದ. ಸಹಿ ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೋರಿಸಲು ಬರುವುದಿಲ್ಲವಂತೆ. ಸಹಿ ಮಾಡಿದರೆ ಮುಂದೆ ಎಲ್ಲಾದರೂ ಜಾಗ ಬಂದಾಗ ಅವಳ ಹೆಸರನ್ನೂ ನೋಡುತ್ತಾರಂತೆ. ಕೇಂದ್ರ ತೆರೆಯುವುದು ಹತ್ತಕ್ಕೆ. ಬಸ್ಸು ಒಂಬತ್ತಕ್ಕೇ ಇಳಿಸಿತು. ಅವಳು ಹಳೇ ಬೆಂಚಿನ ಮೇಲೆ ಕುಳಿತಳು.

ಕುಲಸುಮಬಿ ಕಂಬದ ಬುಡದಲ್ಲೇ ಇದ್ದಳು. ದಸ್ತಿಯ ಮುಚ್ಚಿಗೆ ಬುಟ್ಟಿಯ ಮೇಲಿತ್ತು. “ನಾ ಖರೇನ ಹೇಳಿದ್ನಲ್ಲ ಬೇಟಿ,” ಎಂದಳು, ಪಾಡ್ಯದಿಂದ ಫೋನಿನಲ್ಲೂ ಎದುರಿಗೂ ಹೇಳುತ್ತ ಬಂದದ್ದನ್ನೇ. “ಖರೇನ ಹೇಳಿದ್ರಿ ಚಾಚಿ,” ಎಂದಳು ಸುಧಾರಾಣಿ.

ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಊರುಗೋಲು ಊರುತ್ತ ಬಂದು ಬೆಂಚಿನ ಆ ತುದಿಗೆ ನಿಂತಳು. ಹೊಸ ಚೂಡಿದಾರ, ಕೊರಳಲ್ಲಿ ಕೇಂದ್ರದ ಗುರುತಿನ ಚೀಟಿ: ಅಂಕಿತಾ, ಯಲವಿಗಿ.

“ಇಲ್ಲೇ ಕುಂದ್ರಬೇಕಂತಲ್ರಿ ಅಕ್ಕಾರ? ಜವಳಿ ಅಂಗಡಿಯವ್ರು ಫೋನ್ ಮಾಡೂ ಮಟಾ?”

“ಇಲ್ಲೇ,” ಎಂದು ಸುಧಾರಾಣಿ ಸರಿದು ಜಾಗ ಕೊಟ್ಟಳು. “ಏನ್ ಕೆಲಸ?”

“ಹಿಂದ ಫಾಲ್ ಹಚ್ಚೂದ್ರಿ, ಶಾರವ್ವ ಅನ್ನಾಕಿ ಕೈಕೆಳಗ. ಮುಂದ ಗಾದಿ ಮ್ಯಾಲ ಗಂಡಸರನ್ನ ಇಟ್ಟಾರಂತ.” ಹುಡುಗಿಗೆ ಮಾತಾಡುವ ಹುರುಪಿತ್ತು. “ಹದಿನೈದ ದಿನ ಟ್ರೇನಿಂಗ್ ಆತ್ರಿ. ಹಿಂದಿನ ಬಾಗಲಾ ಆದ್ರೂ ಬೋಣಿಗಿ ಆದಮ್ಯಾಲನ ಹೋಗಬೇಕಂತ. ಮತ್ತ ಯಾರ ಕೈಯಾಗೂ ರೊಕ್ಕ ಕೊಟ್ಟು ಬೋಣಿಗಿ ಮಾಡಸಬಾರದಂತ.”

“ಅದನ್ನೂ ಹೇಳಿ ಕೊಟ್ರೇನು?”

“ಪ್ರಾಮಾಣಿಕತೆ ಅಂತ ಒಂದಿನ ಪೂರಾ ಪಾಠ ಇತ್ರಿ. ಮಾಲೀಕರ ಕಡೆಯಿಂದನ ಬಂದ ಸೂಚನಾ ಅಂತ. ಹಿಂದ ಒಬ್ಬಾಕಿ ಇದ್ಲಂತ, ಸಾವಕಾರ್ರಿಗೆ ಮೂರ ತಿಂಗಳ ಮೋಸ ಮಾಡಿದ್ಲಂತ. ಅಕೀದ ಉದಾಹರಣೆ ಕೊಟ್ರು.”

“ಅಕೀ ಹೆಸರು ಹೇಳಿದ್ರೇನು?”

“ಇಲ್ರಿ.” ಅಂಕಿತಾ ತಲೆಯಾಡಿಸಿದಳು. “ಹೆಸರು ಹೇಳಬಾರದಂತ. ಅಕೀ ಗೌರವಕ್ಕ ಧಕ್ಕಿ ಆಗ್ತೈತಿ ಅಂದ್ರು ದೀಪ್ತಿ ಮೇಡಂ.”

ಹಾನಗಲ್ಲಿನ ಬಸ್ಸು ಬಂತು, ಮಂದಿ ಇಳಿದರು, ಮಂದಿ ಹತ್ತಿದರು. ಕುಲಸುಮಬಿ ಇತ್ತ ನೋಡಲಿಲ್ಲ. ಮುಚ್ಚಿಗೆಯ ಅಂಚನ್ನು ಎಳೆದೆಳೆದು ಬುಟ್ಟಿಗೆ ಸಿಕ್ಕಿಸುತ್ತಿದ್ದಳು. ಹತ್ತಾಯಿತು. ಕೇಂದ್ರದ ಬಾಗಿಲು ತೆರೆದಿರಬೇಕು. ಸುಧಾರಾಣಿ ಏಳಲಿಲ್ಲ.

ಹನ್ನೊಂದರ ಸುಮಾರಿಗೆ ಫೋನು ಒಂದು ಸಲ ಬಡಿದು ನಿಂತಿತು. ಸುಧಾರಾಣಿಯ ಎಡಗೈ ಮೊಣಕಾಲಿನ ಕೊಂಡಿಗೆ ಹೋಗಿತ್ತು, ಬಲಗೈ ಬೆಂಚಿಗೆ ಊರಿ ಅರ್ಧ ಎದ್ದಿದ್ದಳು.

ಬಡಿದದ್ದು ಅಂಕಿತಾಳ ಫೋನು.